ದಿನಾ ನಡೆದರೂ ಫ್ಲೂ ಬರುತ್ತಾ? ಐಪ್ಪಸಿ ಮಳೆಗೆ ಮುನ್ನ ಒಂದಿಷ್ಟು ಲೆಕ್ಕಾಚಾರ

ವೇದಸಂದೂರು: ಕಳೆದ ಐಪ್ಪಸಿ ತಿಂಗಳಲ್ಲಿ ನನಗೆ ಜ್ವರ ಬಂತು. ಇದರಲ್ಲೇನು ಸುದ್ದಿ ಅಂತೀರಾ? ಸುದ್ದಿ ಇರೋದು ಜ್ವರದಲ್ಲಲ್ಲ, ಬೀದಿಯವರ ಬಾಯಲ್ಲಿ. ನಾಲ್ಕು ವರ್ಷದಿಂದ ಬೆಳಗ್ಗೆ ಐದೂವರೆಗೆ ಎದ್ದು ಕುಡಗನಾರಿನ ಕಡೆ ಒಂದು ಸುತ್ತು ನಡೆದು ಬರುವ ಆಸಾಮಿ ನಾನು. ನಡೆಯದವರಿಗೆಲ್ಲ ಉಪದೇಶ ಮಾಡುವ ಚಟವೂ ಉಂಟು. ಅಂಥವನು ಒಂಬತ್ತು ದಿನ ಕಂಬಳಿ ಹೊದ್ದು ಮಲಗಿ, ಹತ್ತನೇ ದಿನ ಚಹಾ ಅಂಗಡಿಗೆ ಹೋದರೆ ಬಿಟ್ಟಾರೆಯೇ? 'ಅಷ್ಟು ನಡೆದರೂ ವೈರಸ್ಸು ನಿಮ್ಮನ್ನ ಓಡಿಸಿಕೊಂಡು ಬಂದು ಹಿಡೀತಲ್ಲ ಸಾರ್' ಅಂದ ಅಂಗಡಿಯವನು. ಬೆಂಚಿನ ತುದಿಯಲ್ಲಿ ಬೀಡಿ ಸೇದುತ್ತಿದ್ದ ಹಿರಿಯರು, ತಾವು ಜನ್ಮದಲ್ಲಿ ಒಂದು ದಿನ ವಾಕಿಂಗ್ ಹೋದವರಲ್ಲವೆಂದೂ ಈ ವರ್ಷ ಒಂದು ಸೀನೂ ಬಂದಿಲ್ಲವೆಂದೂ ಘೋಷಿಸಿದರು.

ಮಾನ ಹೋಯಿತು, ಇರಲಿ. ಆದರೆ ಪ್ರಶ್ನೆ ಉಳಿಯಿತು. ವ್ಯಾಯಾಮ ಮಾಡಿದರೆ ರೋಗ ನಿರೋಧಕ ಶಕ್ತಿ ಹೆಚ್ಚುತ್ತೆ ಅಂತ ಟೀವಿಯಲ್ಲಿ, ವಾಟ್ಸಪ್ಪಿನಲ್ಲಿ, ಶಾಲೆಯ ಗೋಡೆಯ ಮೇಲೆ ಎಲ್ಲೆಲ್ಲೂ ಬರೆದಿದೆ. ಅದು ನಿಜವೇ? ನಿಜವಾದರೆ ಎಷ್ಟು ನಿಜ? ನಾನು ಬಿ.ಎ. ಓದಿದವನು, ವಿಜ್ಞಾನ ನನ್ನ ವಿಷಯವಲ್ಲ. ಆದರೂ ಹಾಸಿಗೆಯ ಮೇಲಿದ್ದಾಗ ಶುರು ಮಾಡಿದ ಓದು ಆಮೇಲೂ ಕೆಲವು ತಿಂಗಳು ಮುಂದುವರಿಯಿತು. ಅದರ ಫಲ ಈ ಬರಹ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ನಮ್ಮ ಮನೆಗಳಲ್ಲಿ ಮೂಗು ಸೋರಿದರೂ 'ಸಳಿ', ಮೈ ಸುಟ್ಟರೂ 'ಸಳಿ ಕಾಯ್ಚಲ್'. ಕನ್ನಡದಲ್ಲಿ ನೆಗಡಿ, ಶೀತ, ಜ್ವರ ಅಂತ ಮೂರು ಪದ ಇದ್ದರೂ ಮಾತಿನಲ್ಲಿ ಎಲ್ಲವೂ ಒಂದೇ ಕೊಡದೊಳಗೆ. ಫ್ಲೂ ಅಂದರೆ ಇನ್‌ಫ್ಲುಯೆಂಜಾ ಎಂಬ ನಿರ್ದಿಷ್ಟ ವೈರಸ್ಸಿನ ಕಾಯಿಲೆ. ಸಾಮಾನ್ಯ ನೆಗಡಿ ಮೆಲ್ಲಗೆ ಬಂದು ಮೆಲ್ಲಗೆ ಹೋಗುತ್ತದೆ. ಫ್ಲೂ ಹಾಗಲ್ಲ. ಬೆಳಗ್ಗೆ ಚೆನ್ನಾಗಿದ್ದವನು ಸಂಜೆಗೆ ಮೈಕೈ ಮುರಿದು ಹಾಕಿದಂತೆ ಬಿದ್ದಿರುತ್ತಾನೆ. ಬಹುತೇಕ ಜನ ವಾರ ಹತ್ತು ದಿನದಲ್ಲಿ ಏಳುತ್ತಾರೆ. ವಯಸ್ಸಾದವರು, ಗರ್ಭಿಣಿಯರು, ಎಳೆಯ ಮಕ್ಕಳು, ಸಕ್ಕರೆ ಕಾಯಿಲೆ, ಆಸ್ತಮಾ, ಹೃದಯದ ತೊಂದರೆ ಇರುವವರಲ್ಲಿ ಕೆಲವರಿಗೆ ಅದು ಶ್ವಾಸಕೋಶಕ್ಕೆ ಇಳಿದು ಜೀವಕ್ಕೇ ಬರುತ್ತದೆ.

1918ರಲ್ಲಿ ಹಡಗಿನಲ್ಲಿ ಮುಂಬಯಿಗೆ ಬಂದ ಫ್ಲೂ ನಮ್ಮ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ತೆಗೆದುಕೊಂಡು ಹೋಯಿತು. ವಿಚಿತ್ರವೆಂದರೆ ಅಂದು ಹೆಚ್ಚು ಸತ್ತವರಲ್ಲಿ 20ರಿಂದ 40 ವರ್ಷದ ಗಟ್ಟಿಮುಟ್ಟಾದವರೇ ಸೇರಿದ್ದರು. ನೇಗಿಲು ಹಿಡಿಯುವ ತೋಳು, ಮೂಟೆ ಹೊರುವ ಬೆನ್ನು ಯಾವುದೂ ಕಾಯಲಿಲ್ಲ. 2009ರ ಹಂದಿ ಜ್ವರ ನಿಮಗೆಲ್ಲ ನೆನಪಿರಬೇಕು. ಆ ಎಚ್1ಎನ್1 ವೈರಸ್ಸು ಹೋಗಲಿಲ್ಲ, ಸಾಮಾನ್ಯ ಫ್ಲೂ ಆಗಿ ನಮ್ಮ ನಡುವೆಯೇ ಉಳಿದುಕೊಂಡಿದೆ. 'ನಾನು ಗಟ್ಟಿ ಮನುಷ್ಯ, ನನಗೇನೂ ಆಗಲ್ಲ' ಅನ್ನುವವರು 1918ನ್ನು ಒಮ್ಮೆ ನೆನೆಯಬೇಕು.

ಕಾವಲುಗಾರ ಮಲಗಿದ್ದಾನೋ, ಸುತ್ತುತ್ತಿದ್ದಾನೋ?

ಈಗ ಮೈಯೊಳಗೆ ಹೋಗೋಣ. ನಮ್ಮ ರಕ್ತದಲ್ಲಿ ಬಿಳಿ ರಕ್ತಕಣಗಳಿವೆ. ಅವುಗಳಲ್ಲಿ ಹಲವು ಜಾತಿ. ವೈರಸ್ ಹೊಕ್ಕ ಜೀವಕೋಶವನ್ನು ಹುಡುಕಿ ಕೊಲ್ಲುವವು ಕೆಲವು, ಹಳೆಯ ಶತ್ರುವಿನ ಮುಖ ನೆನಪಿಟ್ಟುಕೊಳ್ಳುವವು ಕೆಲವು, ಪ್ರತಿಕಾಯ ತಯಾರಿಸುವವು ಇನ್ನು ಕೆಲವು. ಇವು ಸದಾ ರಕ್ತದಲ್ಲೇ ಓಡಾಡುತ್ತಿರುವುದಿಲ್ಲ. ಹೆಚ್ಚಿನವು ಗುಲ್ಮದಲ್ಲಿ, ಮೂಳೆಯ ಮಜ್ಜೆಯಲ್ಲಿ, ರಕ್ತನಾಳದ ಗೋಡೆಗೆ ಅಂಟಿಕೊಂಡು ಸುಮ್ಮನಿರುತ್ತವೆ. ಕಂಬಂ ಕಣಿವೆಯ ದ್ರಾಕ್ಷಿ ತೋಟದ ಕಾವಲುಗಾರ ಗುಡಿಸಲಲ್ಲಿ ಕೂತಿದ್ದ ಹಾಗೆ. ಅವನಿದ್ದಾನೆ, ಆದರೆ ತೋಟದ ಆ ಮೂಲೆಯಲ್ಲಿ ಏನಾಗುತ್ತಿದೆ ಅಂತ ಅವನಿಗೆ ಗೊತ್ತಿಲ್ಲ.

ನೀವು ಬಿರುಸಾಗಿ ನಡೆಯಲು ಶುರು ಮಾಡಿದಿರಿ ಅನ್ನಿ. ಹೃದಯ ಜೋರಾಗಿ ಬಡಿಯುತ್ತದೆ, ರಕ್ತ ರಭಸದಿಂದ ಹರಿಯುತ್ತದೆ, ಅಡ್ರಿನಲಿನ್ ಏರುತ್ತದೆ. ಗೋಡೆಗೆ ಅಂಟಿದ್ದ ಕಣಗಳು ಕಿತ್ತುಕೊಂಡು ರಕ್ತಕ್ಕೆ ಬೀಳುತ್ತವೆ. ಅದರಲ್ಲೂ ವೈರಸ್ ತಗುಲಿದ ಕೋಶಗಳನ್ನು ನೇರವಾಗಿ ಕೊಲ್ಲುವ 'ಸಹಜ ಹಂತಕ' ಕಣಗಳು ಒಳ್ಳೆಯ ವ್ಯಾಯಾಮದ ಹೊತ್ತಿಗೆ ಹಲವು ಪಟ್ಟು ಹೆಚ್ಚಾಗಿ ರಕ್ತದಲ್ಲಿ ಕಾಣಿಸುತ್ತವೆ. ವ್ಯಾಯಾಮ ನಿಲ್ಲಿಸಿದ ಒಂದೆರಡು ಗಂಟೆಯಲ್ಲಿ ಲೆಕ್ಕ ಇಳಿಯುತ್ತದೆ, ಮೊದಲಿಗಿಂತ ಕೆಳಗೂ ಹೋಗುತ್ತದೆ.

ಈ ಇಳಿತ ನೋಡಿ ವಿಜ್ಞಾನಿಗಳು ಬಹಳ ವರ್ಷ ಗಾಬರಿಪಟ್ಟಿದ್ದರು. ಕಷ್ಟದ ವ್ಯಾಯಾಮದ ಮೇಲೆ ಕಣಗಳು ಸಾಯುತ್ತವೆ, ಮೈ ಒಂದಷ್ಟು ಹೊತ್ತು ಕಿಟಕಿ ತೆರೆದಿಟ್ಟ ಮನೆಯಂತಾಗುತ್ತದೆ, ಆಗ ಸೋಂಕು ನುಗ್ಗುತ್ತದೆ ಅಂತ ಅವರ ವಾದ. 2018ರಲ್ಲಿ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಜಾನ್ ಕ್ಯಾಂಪ್‌ಬೆಲ್ ಮತ್ತು ಜೇಮ್ಸ್ ಟರ್ನರ್ ಈ ವಾದವನ್ನು ತಿರುಗಿಸಿ ಹಾಕಿದರು. ಕಣಗಳು ಸಾಯುತ್ತಿಲ್ಲ, ರಕ್ತ ಬಿಟ್ಟು ಶ್ವಾಸಕೋಶ, ಕರುಳು ಮುಂತಾದ ಕಡೆ ಗಸ್ತಿಗೆ ಹೋಗುತ್ತಿವೆ ಎಂದರು. ಗುಡಿಸಲಲ್ಲಿ ಕಾವಲುಗಾರ ಇಲ್ಲ ಅಂದ ಮಾತ್ರಕ್ಕೆ ಓಡಿಹೋದ ಅಂತ ಅರ್ಥವಲ್ಲ, ಬೇಲಿ ಸುತ್ತಲು ಹೋಗಿರಬಹುದು. ನನಗೆ ಈ ವಿವರಣೆ ಹಿಡಿಸಿತು. ವಿಜ್ಞಾನಿಗಳೆಲ್ಲ ಇದನ್ನು ಪೂರಾ ಒಪ್ಪಿಲ್ಲ ಎನ್ನುವುದನ್ನೂ ಹೇಳಿಬಿಡಬೇಕು.

ಇದು ಒಂದು ದಿನದ ಮಾತು. ವರ್ಷಗಟ್ಟಲೆ ಮೈ ಬಗ್ಗಿಸಿದರೆ? ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಮತ್ತು ಲಂಡನ್ನಿನ ಕಿಂಗ್ಸ್ ಕಾಲೇಜಿನವರು 55ರಿಂದ 79 ವರ್ಷದ 125 ಮಂದಿ ಸೈಕಲ್ ಸವಾರರನ್ನು ಪರೀಕ್ಷಿಸಿದರು. ಇವರೆಲ್ಲ ಹವ್ಯಾಸಕ್ಕಾಗಿ ಜೀವನವಿಡೀ ಸೈಕಲ್ ತುಳಿದವರು. ಗಂಡಸರು 100 ಕಿಲೋಮೀಟರನ್ನು ಆರೂವರೆ ಗಂಟೆಯೊಳಗೆ, ಹೆಂಗಸರು 60 ಕಿಲೋಮೀಟರನ್ನು ಐದೂವರೆ ಗಂಟೆಯೊಳಗೆ ತುಳಿಯಬಲ್ಲವರು. ಎದೆಗೂಡಿನಲ್ಲಿ ಥೈಮಸ್ ಎಂಬ ಗ್ರಂಥಿ ಇದೆ, ಅದು ಹೊಸ ಟಿ-ಕಣಗಳಿಗೆ ತರಬೇತಿ ಕೊಡುವ ಶಾಲೆ. ಹರೆಯ ದಾಟುತ್ತಲೇ ಅದು ಸೊರಗುತ್ತಾ ಹೋಗುತ್ತದೆ, ನನ್ನ ವಯಸ್ಸಿಗೆ ಅರ್ಧ ಬಾಗಿಲು ಹಾಕಿದ ಶಾಲೆ. ಆದರೆ ಆ ಸವಾರರ ರಕ್ತದಲ್ಲಿ ಹೊಸ ಟಿ-ಕಣಗಳು ಬಹುತೇಕ ಯುವಕರಷ್ಟೇ ಇದ್ದವು. 2018ರ ವರದಿ ಇದು. ಅದೇ ವಯಸ್ಸಿನ ವ್ಯಾಯಾಮವಿಲ್ಲದವರಲ್ಲಿ ಅವು ಎಷ್ಟೋ ಕಡಿಮೆ.

ಇನ್ನೊಂದು ದಾರಿ ಹೊಟ್ಟೆಯ ಮೂಲಕ. ಹೊಟ್ಟೆಯ ಸುತ್ತ ಸೇರಿದ ಕೊಬ್ಬು ಸುಮ್ಮನೆ ಕೂತಿರುವುದಿಲ್ಲ, ಮೈಯಲ್ಲಿ ಸದಾ ಸಣ್ಣ ಉರಿಯೂತ ಹೊತ್ತಿಸಿಟ್ಟಿರುತ್ತದೆ. ಒಲೆಯಲ್ಲಿ ಆರದ ಕೆಂಡ ಇದ್ದಂತೆ. ನಡೆಯುವ ಸ್ನಾಯು ಆ ಕೆಂಡಕ್ಕೆ ನೀರು ಚಿಮುಕಿಸುವ ರಾಸಾಯನಿಕಗಳನ್ನು ಬಿಡುಗಡೆ ಮಾಡುತ್ತದೆ. ನಡೆದರೆ ಸಕ್ಕರೆಯೂ ಹತೋಟಿಗೆ ಬರುತ್ತದೆ. 2009ರಲ್ಲಿ ಹಂದಿ ಜ್ವರದಿಂದ ತೀವ್ರ ನಿಗಾ ಘಟಕ ಸೇರಿದವರಲ್ಲಿ ಅತಿ ಸ್ಥೂಲಕಾಯದವರು ಹೆಚ್ಚು ಅಂತ ಹಲವು ದೇಶದ ವೈದ್ಯರು ಗುರುತಿಸಿದ್ದರು. ನಮ್ಮ ಕಡೆ ಮನೆಗೊಬ್ಬರು ಸಕ್ಕರೆ ಕಾಯಿಲೆಯವರಿರುವಾಗ ನಡಿಗೆಯ ದೊಡ್ಡ ಲಾಭ ಈ ದಾರಿಯಲ್ಲೇ ಇದೆ ಅನ್ನೋದು ನನ್ನ ಅಭಿಪ್ರಾಯ.

ಹಾಗಾದರೆ ಫ್ಲೂ ಬರಲೇಬಾರದಲ್ಲ?

ಇಲ್ಲೇ ಚಹಾ ಅಂಗಡಿಯವನ ಪ್ರಶ್ನೆಗೆ ಉತ್ತರ ಇರೋದು.

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 50 ದಾಟಿದ 149 ಜನರನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಎಂಟು ವಾರ ವ್ಯಾಯಾಮ, ಒಂದಕ್ಕೆ ಎಂಟು ವಾರ ಧ್ಯಾನ, ಮತ್ತೊಂದಕ್ಕೆ ಏನೂ ಇಲ್ಲ. ಆಮೇಲೆ ಚಳಿಗಾಲವಿಡೀ ಲೆಕ್ಕ ಇಟ್ಟರು. ಏನೂ ಮಾಡದವರಲ್ಲಿ 40 ಸಲ ಶೀತ-ಜ್ವರ, ಒಟ್ಟು 453 ದಿನ ಕಾಯಿಲೆ. ವ್ಯಾಯಾಮದವರಲ್ಲಿ 26 ಸಲ, 241 ದಿನ. ಧ್ಯಾನದವರಲ್ಲಿ 27 ಸಲ, 257 ದಿನ. (ಸುಮ್ಮನೆ ಕಣ್ಣು ಮುಚ್ಚಿ ಕೂತವರೂ ನಡೆದವರಷ್ಟೇ ಗೆದ್ದರಲ್ಲ ಅಂತ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು!) 2012ರಲ್ಲಿ ಇದು ಪ್ರಕಟವಾಯಿತು. ಅದೇ ತಂಡ ಆಮೇಲೆ ಇನ್ನೂ ಹೆಚ್ಚು ಜನರ ಮೇಲೆ ಮಾಡಿದ ಪ್ರಯೋಗದಲ್ಲಿ ಫಲ ಇಷ್ಟು ಢಾಳಾಗಿ ಕಾಣಲಿಲ್ಲ.

ಇಂಥ 14 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ತೂಗಿದವರು ಕೋಕ್ರೇನ್ ಎಂಬ ಸಂಸ್ಥೆಯವರು. ಔಷಧಿ, ಚಿಕಿತ್ಸೆಗಳ ಬಗ್ಗೆ ಲೋಕದಲ್ಲಿ ನಡೆದ ಪ್ರಯೋಗಗಳನ್ನು ಜರಡಿ ಹಿಡಿಯುವುದೇ ಇವರ ಕೆಲಸ. 2020ರಲ್ಲಿ ಅವರು ಹೇಳಿದ್ದರ ತಾತ್ಪರ್ಯ ಹೀಗಿದೆ: ವ್ಯಾಯಾಮದಿಂದ ಶೀತ-ಜ್ವರ ಬರುವ ಸಲ ಕಡಿಮೆಯಾಗುತ್ತದೆ ಅನ್ನಲು ಪುರಾವೆ ಸಿಗಲಿಲ್ಲ. ಆದರೆ ಬಂದದ್ದರ ತೀವ್ರತೆ ಮತ್ತು ನರಳುವ ದಿನಗಳು ಕಡಿಮೆಯಾಗಬಹುದು.

ಅಂದರೆ ವ್ಯಾಯಾಮ ಊರ ಬಾಗಿಲ ಕೋಟೆಯಲ್ಲ. ಶತ್ರು ಒಳಗೆ ಬಂದ ಮೇಲೆ ಬೇಗ ಎದ್ದು ನಿಲ್ಲುವ ಊರು ಅದು. ಪಕ್ಕದವನು ಮುಖಕ್ಕೇ ಕೆಮ್ಮಿದರೆ ನೀವು ಎಷ್ಟು ನಡೆದಿದ್ದೀರಿ ಅಂತ ವೈರಸ್ಸು ಕೇಳುವುದಿಲ್ಲ. ಒಳಗೆ ಹೋದ ಮೇಲಿನ ಕಥೆ ಮಾತ್ರ ಬೇರೆ ಆಗುತ್ತದೆ. ಹಾಂಕಾಂಗ್‌ನಲ್ಲಿ 1998ರಲ್ಲಿ ತೀರಿಕೊಂಡ 24,656 ಮಂದಿಯ ವಿವರ ಕಲೆಹಾಕಿದ ಅಧ್ಯಯನವೊಂದಿದೆ. ಎಂದೂ ವ್ಯಾಯಾಮ ಮಾಡದವರಿಗಿಂತ ಹಿತಮಿತವಾಗಿ ಮಾಡುತ್ತಿದ್ದವರಲ್ಲಿ ಫ್ಲೂ ಹರಡಿದ ವಾರಗಳ ಸಾವು ಕಡಿಮೆ ಇತ್ತು. 2021ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ವರದಿಯೊಂದು, ನಿಯಮಿತವಾಗಿ ಮೈ ಬಗ್ಗಿಸುವವರಲ್ಲಿ ಸೋಂಕು ರೋಗಗಳಿಂದ ಸಾಯುವ ಅಪಾಯ ಶೇ. 37ರಷ್ಟು ಕಡಿಮೆ ಎಂದಿತು. ಇಂಥ ಲೆಕ್ಕಗಳಲ್ಲಿ ಒಂದು ತೊಡಕು ಇದೆ. ಆರೋಗ್ಯ ಇದ್ದವನೇ ನಡೆಯಲು ಹೋಗುತ್ತಾನೆ, ಆರೋಗ್ಯ ಇಲ್ಲದವನು ಮನೆಯಲ್ಲಿರುತ್ತಾನೆ. ಹಾಗಾಗಿ ಶೇಕಡಾ ಅಂಕಿಯನ್ನು ಅಕ್ಷರಶಃ ಹಿಡಿದುಕೊಳ್ಳಬೇಡಿ, ದಿಕ್ಕು ಯಾವುದು ಅಂತ ನೋಡಿ ಸಾಕು.

ಬೀಡಿ ಸೇದುತ್ತಿದ್ದ ಹಿರಿಯರಿಗೂ ಒಂದು ಮಾತು. ವೇದಸಂದೂರಿನಲ್ಲಿ 1948ರಲ್ಲಿ ತಂಬಾಕು ಸಂಶೋಧನಾ ಕೇಂದ್ರ ಶುರುವಾಯಿತು, ತಂಬಾಕು ನಮ್ಮ ನೆಲದ ಬೆಳೆ. ಹಾಗಾಗಿ ಇದನ್ನು ಬರೆಯುವಾಗ ನನಗೂ ಸಂಕೋಚ. ಇಸ್ರೇಲಿನ ಒಂದು ಸೇನಾ ತುಕಡಿಯಲ್ಲಿ ಎಚ್1ಎನ್1 ಫ್ಲೂ ಹರಡಿದಾಗ 336 ಯುವ ಸೈನಿಕರನ್ನು ಲೆಕ್ಕ ಹಾಕಿದರು. ಸೇದುವವರಲ್ಲಿ ಶೇ. 68.5 ಜನಕ್ಕೆ ಫ್ಲೂ ಬಂದಿತ್ತು, ಸೇದದವರಲ್ಲಿ ಶೇ. 47.2. ಇಬ್ಬರೂ ಒಂದೇ ಮೈದಾನದಲ್ಲಿ ಕವಾಯತು ಮಾಡುವವರು, ಒಂದೇ ಅಡುಗೆ ಉಣ್ಣುವವರು. ಕವಾಯತು ಆ ವ್ಯತ್ಯಾಸವನ್ನು ಅಳಿಸಲಿಲ್ಲ. ಹಿರಿಯರಿಗೆ ಈ ವರ್ಷ ಸೀನು ಬರದೇ ಇದ್ದದ್ದು ಅವರ ಅದೃಷ್ಟ.

ಅತಿಯಾದರೆ?

1987ರ ಲಾಸ್ ಏಂಜಲೀಸ್ ಮ್ಯಾರಥಾನ್. ಡೇವಿಡ್ ನೀಮನ್ ಎಂಬ ವಿಜ್ಞಾನಿ ಓಟಗಾರರಿಗೆ ಪ್ರಶ್ನಾವಳಿ ಕಳಿಸಿದರು, 2,311 ಮಂದಿ ಉತ್ತರಿಸಿದರು. 42 ಕಿಲೋಮೀಟರ್ ಓಡಿದ ಮುಂದಿನ ವಾರದಲ್ಲಿ ಶೇ. 12.9 ಜನ ಶೀತ-ಜ್ವರ ಬಂತು ಅಂದರು. ಅಷ್ಟೇ ತಯಾರಿ ಮಾಡಿಕೊಂಡು ಓಡದೇ ಉಳಿದವರಲ್ಲಿ ಇದು ಶೇ. 2.2 ಮಾತ್ರ. ಸೋಮಾರಿಗೆ ಇಷ್ಟು, ಹಿತಮಿತದವನಿಗೆ ಕಡಿಮೆ, ಅತಿ ಮಾಡಿದವನಿಗೆ ಎಲ್ಲರಿಗಿಂತ ಹೆಚ್ಚು ಎನ್ನುವ ವಾದ ಅಲ್ಲಿಂದ ಬೆಳೆಯಿತು. ಇದೇ ನೀಮನ್ 2011ರಲ್ಲಿ 1,002 ಜನರನ್ನು 12 ವಾರ ಗಮನಿಸಿ, ವಾರಕ್ಕೆ ಐದು ದಿನ ವ್ಯಾಯಾಮ ಮಾಡುವವರು ಮಾಡದವರಿಗಿಂತ ಶೇ. 43ರಷ್ಟು ಕಡಿಮೆ ದಿನ ನೆಗಡಿಯಿಂದ ನರಳಿದರು ಅಂತಲೂ ವರದಿ ಮಾಡಿದರು.

ಮ್ಯಾರಥಾನ್ ಲೆಕ್ಕವನ್ನು ಪ್ರಶ್ನಿಸುವವರೂ ಇದ್ದಾರೆ. ಗಂಟಲು ಕೆರೆತ ಅಂದ ಕ್ರೀಡಾಪಟುಗಳ ಗಂಟಲಿನ ದ್ರವವನ್ನು ಆಸ್ಟ್ರೇಲಿಯಾದಲ್ಲಿ ಪರೀಕ್ಷಿಸಿದಾಗ ಮೂರನೇ ಒಂದು ಪಾಲಿಗೂ ಕಡಿಮೆ ಪ್ರಕರಣಗಳಲ್ಲಿ ರೋಗಾಣು ಸಿಕ್ಕಿತು. ಮಿಕ್ಕದ್ದು ಧೂಳು, ಒಣ ಗಾಳಿ, ಅಲರ್ಜಿ ಇರಬಹುದು. ಓಟದ ಹಿಂದಿನ ರಾತ್ರಿ ನಿದ್ದೆ ಇಲ್ಲ, ಬಸ್ಸು ರೈಲಿನ ಪ್ರಯಾಣ, ಸಾವಿರಾರು ಜನರ ಗುಂಪು. ಇವೆಲ್ಲವನ್ನೂ ಬಿಟ್ಟು ಓಟವನ್ನೇ ದೂರುವುದು ಸರಿಯಲ್ಲ ಅನ್ನುತ್ತಾರೆ. ತಮಿಳುನಾಡಿನಲ್ಲಿ 2021ರಲ್ಲಿ ಆರೋಗ್ಯ ಮಂತ್ರಿಯಾದ ಮಾ. ಸುಬ್ರಮಣಿಯನ್ ನೂರಕ್ಕೂ ಹೆಚ್ಚು ಮ್ಯಾರಥಾನ್, ಅರೆ ಮ್ಯಾರಥಾನ್ ಓಡಿದವರು. ಅವರ ಕಾಲದಲ್ಲೇ, 2023ರ ನವೆಂಬರ್ 4ರಂದು, ಪ್ರತಿ ಜಿಲ್ಲೆಯಲ್ಲೂ 8 ಕಿಲೋಮೀಟರ್ ನಡಿಗೆ ದಾರಿ ಗುರುತಿಸುವ 'ನಡಪ್ಪೋಂ ನಲಂ ಪೆರುವೋಂ' ಯೋಜನೆ ಶುರುವಾಯಿತು. ಮಂತ್ರಿ ಓಡಿದರೂ ಜನರಿಗೆ ನಡೆಯಿರಿ ಅಂದರು, ಅದೇ ಸರಿ.

'ನಾವು ದುಡಿಯೋ ಜನ, ನಮಗ್ಯಾಕೆ ವ್ಯಾಯಾಮ?'

ಈ ಲೇಖನ ಬರೆಯಲು ನಿಜವಾದ ಕಾರಣ ಈ ಪ್ರಶ್ನೆ. ಪೇಟೆಯ ಪತ್ರಿಕೆಗಳು ಬರೆಯುವುದು ಕುರ್ಚಿಯಲ್ಲಿ ಕೂತು ದುಡಿಯುವವರಿಗೆ. ವೇದಸಂದೂರಿನ ಸುತ್ತ ನೂಲಿನ ಗಿರಣಿಗಳು. ಕಂಬಂ, ಬೋಡಿ ಕಡೆಯಿಂದ ನಸುಕಿನಲ್ಲೇ ಜೀಪು ಹತ್ತಿ, ಕಂಬಂ ಮೆಟ್ಟು, ಬೋಡಿ ಮೆಟ್ಟು ದಾಟಿ ಕೇರಳದ ಏಲಕ್ಕಿ ತೋಟಗಳಿಗೆ ಹೋಗುವವರು ಸಾವಿರಾರು. ಚಿನ್ನಾಳಪಟ್ಟಿಯಲ್ಲಿ ಮಗ್ಗದ ಮುಂದೆ ಕೂರುವವರು. ಇವರಿಗೆ 'ದಿನಾ ಅರ್ಧ ಗಂಟೆ ವ್ಯಾಯಾಮ ಮಾಡಿ' ಅಂದರೆ ನಗುತ್ತಾರೆ. ನಗಲೇಬೇಕು.

ಗಿರಣಿಯ ಹೆಣ್ಣುಮಗಳು ಒಂದು ಪಾಳಿಯಲ್ಲಿ ಯಂತ್ರಗಳ ಸಾಲಿನ ಮಧ್ಯೆ ನಡೆಯುವ ದೂರ ನನ್ನ ಬೆಳಗಿನ ನಡಿಗೆಯನ್ನು ನಾಚಿಸುತ್ತದೆ. ಹಾಗಾದರೆ ಆಕೆಗೆ ನನಗಿಂತ ಹೆಚ್ಚು ನಿರೋಧಕ ಶಕ್ತಿ ಇರಬೇಕಲ್ಲ? ಲೆಕ್ಕ ಹಾಗೆ ಬರುವುದಿಲ್ಲ. ಡೆನ್ಮಾರ್ಕಿನ ಸಂಶೋಧಕರು ಹೃದಯದ ವಿಷಯದಲ್ಲಿ ಇದನ್ನೇ ಗುರುತಿಸಿದ್ದಾರೆ. ಬಿಡುವಿನಲ್ಲಿ ಮೈ ಬಗ್ಗಿಸಿದರೆ ಸಿಗುವ ಲಾಭ ಕೂಲಿಗಾಗಿ ದಿನವಿಡೀ ಬಗ್ಗಿಸಿದರೆ ಸಿಗುವುದಿಲ್ಲ. ಬಿಡುವಿನ ನಡಿಗೆಯಲ್ಲಿ ದಣಿದರೆ ಕೂರುತ್ತೀರಿ. ಪಾಳಿಯಲ್ಲಿ ದಣಿದರೆ ಕೂರಲಾಗುವುದಿಲ್ಲ. ಅರ್ಧ ಗಂಟೆಯಲ್ಲಿ ಮುಗಿಯುವುದಿಲ್ಲ, ಎಂಟು ಗಂಟೆ ನಡೆಯುತ್ತದೆ. ಮಾರನೇ ದಿನ ಚೇತರಿಕೆಗೆ ಸಮಯವಿಲ್ಲ.

ಅದರ ಜೊತೆ ರಾತ್ರಿ ಪಾಳಿ. ಅಮೆರಿಕದಲ್ಲಿ 164 ಆರೋಗ್ಯವಂತರ ಮೂಗಿಗೆ ನೆಗಡಿಯ ವೈರಸ್ಸಿನ ಹನಿ ಹಾಕಿ ನೋಡಿದ ಪ್ರಯೋಗ 2015ರಲ್ಲಿ ಪ್ರಕಟವಾಯಿತು. ಏಳು ಗಂಟೆಗಿಂತ ಹೆಚ್ಚು ಮಲಗುವವರಿಗೆ ಹೋಲಿಸಿದರೆ ಆರು ಗಂಟೆಗಿಂತ ಕಡಿಮೆ ಮಲಗುವವರಿಗೆ ನೆಗಡಿ ಹಿಡಿಯುವ ಸಾಧ್ಯತೆ ನಾಲ್ಕು ಪಟ್ಟಿಗೂ ಹೆಚ್ಚು. ವ್ಯಾಯಾಮದ ಪ್ರಯೋಗಗಳಲ್ಲಿ ಇಷ್ಟು ದೊಡ್ಡ ಅಂತರ ನಾನು ಎಲ್ಲೂ ಕಾಣಲಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದು, ಮನೆಕೆಲಸ ಮಾಡಿ, ಮಧ್ಯಾಹ್ನ ಮೂರು ತಾಸು ಮಲಗುವ ಹೆಂಗಸಿಗೆ ಬೇಕಾದ್ದು ನಡಿಗೆಯಲ್ಲ, ನಿದ್ದೆ.

ಇನ್ನು ಹತ್ತಿಯ ಧೂಳು. ಗಿರಣಿಗೆ ಹೊಸದಾಗಿ ಸೇರಿದವರಿಗೆ ಮೊದಲ ದಿನಗಳಲ್ಲಿ ಚಳಿ, ಜ್ವರ, ಮೈಕೈ ನೋವು ಬರುವುದುಂಟು. ಇದು ಫ್ಲೂ ಅಲ್ಲ, ಧೂಳಿನ ಜೊತೆ ಒಳಗೆ ಹೋಗುವ ಬ್ಯಾಕ್ಟೀರಿಯಾದ ವಿಷಕ್ಕೆ ಮೈ ತೋರುವ ಸಿಟ್ಟು, 'ಗಿರಣಿ ಜ್ವರ' ಅಂತಲೇ ಹೆಸರು. ವರ್ಷಗಟ್ಟಲೆ ದುಡಿದವರಿಗೆ ವಾರದ ರಜೆ ಮುಗಿಸಿ ಹೋದ ದಿನ ಎದೆ ಬಿಗಿಯುತ್ತದೆ, ಕೆಮ್ಮು ಬರುತ್ತದೆ. ಇದಕ್ಕೆ ಬಿಸಿನೋಸಿಸ್ ಎನ್ನುತ್ತಾರೆ, ಹಳೆಯ ಗಿರಣಿಗಳ ಕಾಲದಲ್ಲಿ 'ಸೋಮವಾರದ ಜ್ವರ' ಎನ್ನುತ್ತಿದ್ದರು. ಪ್ರತಿ ವಾರ ಮೊದಲ ದಿನವೇ ಎದೆ ಬಿಗಿಯುತ್ತಿದ್ದರೆ 'ಸಳಿ' ಅಂತ ಕಷಾಯ ಕುಡಿದು ಸುಮ್ಮನಾಗಬೇಡಿ. ಡಾಕ್ಟರಿಗೆ ನಿಮ್ಮ ಕೆಲಸ ಏನು ಅಂತ ಬಾಯಿಬಿಟ್ಟು ಹೇಳಿ. ಅವರಾಗಿಯೇ ಕೇಳಲಿ ಅಂತ ಕಾಯಬೇಡಿ. ಹೀಗೆ ಮೊದಲೇ ಕೆರಳಿದ ಶ್ವಾಸಕೋಶಕ್ಕೆ ಫ್ಲೂ ಬಂದರೆ ಭಾರ ಹೆಚ್ಚು.

ಜೀಪಿನ ಮಾತೂ ಅಷ್ಟೇ. ಚಳಿಗೆ ಪರದೆ ಇಳಿಬಿಟ್ಟ ಜೀಪಿನಲ್ಲಿ ಮೊಣಕೈ ಮೊಣಕಾಲು ತಾಗಿಕೊಂಡು ಘಾಟಿ ಹತ್ತುವಾಗ ಒಬ್ಬರು ಕೆಮ್ಮಿದರೆ ಎಲ್ಲರ ಮೂಗಿಗೂ ಪಾಲು ಸಿಗುತ್ತದೆ. ಅಲ್ಲಿ ಕೆಲಸಕ್ಕೆ ಬರುವುದು ಸ್ವಲ್ಪ ಎತ್ತಿದ ಪರದೆ, ಬಾಯಿಗೆ ಅಡ್ಡ ಕಟ್ಟಿದ ಮುಖಗವಸು. ಕೊರೋನಾ ಕಾಲದಲ್ಲಿ ಎಲ್ಲರೂ ಕಲಿತದ್ದೇ, ಈಗ ಮರೆತಿದ್ದೇವೆ.

ಜ್ವರ ಇದ್ದಾಗ ಓಡಬೇಡಿ

ಹೆದ್ದಾರಿ ಪಕ್ಕ ಬೆಳಗಿನ ಜಾವ ಓಡುವ ಹುಡುಗರನ್ನು ನೋಡಿದ್ದೀರಿ. ಪೊಲೀಸ್ ಆಯ್ಕೆ, ಸೇನೆ ಆಯ್ಕೆ ಅಂತ ತಯಾರಿ. ಜ್ವರ ಇದ್ದರೂ ಬೆವರು ಹರಿಸಿದರೆ ಇಳಿಯುತ್ತೆ ಅನ್ನುವ ನಂಬಿಕೆ ಅವರಲ್ಲಿದೆ. ಅಪಾಯಕಾರಿ ನಂಬಿಕೆ.

1940ರ ದಶಕದಲ್ಲಿ ಬ್ರಿಟನ್ನಿನ ವೈದ್ಯ ರಿಚಿ ರಸೆಲ್ ಪೋಲಿಯೋ ರೋಗಿಗಳನ್ನು ಗಮನಿಸಿದರು. ಆರಂಭದ ಜ್ವರದ ದಿನಗಳಲ್ಲಿ ಮಲಗಿ ವಿಶ್ರಾಂತಿ ಪಡೆದವರಿಗಿಂತ, ಆಟ ಓಟ ಮುಂದುವರಿಸಿದವರಲ್ಲಿ ಪಾರ್ಶ್ವವಾಯು ಹೆಚ್ಚು ತೀವ್ರವಾಗಿತ್ತು. ಫ್ಲೂ ಪೋಲಿಯೋ ಅಲ್ಲ, ನಿಜ. ಆದರೆ ಫ್ಲೂ ವೈರಸ್ಸೂ ಅಪರೂಪಕ್ಕೆ ಹೃದಯದ ಸ್ನಾಯುವಿಗೆ ಉರಿಯೂತ ತರುತ್ತದೆ. ಆ ಹೊತ್ತಿನಲ್ಲಿ ಹೃದಯವನ್ನು ಓಡಿಸಿದರೆ ಅದರ ಬಡಿತದ ತಾಳ ತಪ್ಪಿ ಜೀವ ಹೋಗಬಹುದು. ಹೃದಯಕ್ಕೆ ತಗುಲುವ ಬೇರೊಂದು ವೈರಸ್ ಕೊಟ್ಟ ಇಲಿಗಳನ್ನು ಈಜಿಸಿ ನೋಡಿದಾಗ, ಈಜದ ಇಲಿಗಳಿಗಿಂತ ಅವುಗಳ ಹೃದಯದಲ್ಲಿ ವೈರಸ್ಸು ನೂರಾರು ಪಟ್ಟು ಬೆಳೆದಿತ್ತು.

ಫ್ಲೂ ಕೊಟ್ಟ ಇಲಿಗಳ ಪ್ರಯೋಗವೂ ಉಂಟು. ಇಲಿನಾಯ್ ವಿಶ್ವವಿದ್ಯಾಲಯದವರು 2005ರಲ್ಲಿ ಪ್ರಕಟಿಸಿದ್ದು. ಸೋಂಕು ತಗುಲಿದ ಮೇಲೆ ಲಕ್ಷಣ ಕಾಣುವ ಮುನ್ನದ ಕೆಲವು ದಿನ ಒಂದು ಗುಂಪನ್ನು 20-30 ನಿಮಿಷ ನಿಧಾನವಾಗಿ ಓಡಿಸಿದರು, ಇನ್ನೊಂದನ್ನು ಎರಡೂವರೆ ಗಂಟೆ ಓಡಿಸಿದರು, ಮತ್ತೊಂದನ್ನು ಸುಮ್ಮನೆ ಬಿಟ್ಟರು. ಬದುಕಿದವು ಅನುಕ್ರಮವಾಗಿ ಶೇ. 82, ಶೇ. 30, ಶೇ. 43. ಮೂರು ಅಂಕಿಗಳಲ್ಲಿ ಇಡೀ ವಿಷಯ ಇದೆ. ಇಲಿ ಮನುಷ್ಯನಲ್ಲ ಅನ್ನುವ ಎಚ್ಚರಿಕೆಯೊಂದಿಗೆ ಓದಿಕೊಳ್ಳಿ.

ವೈದ್ಯರು ಬಳಸುವ ಒಂದು ಸುಲಭ ಅಳತೆ ಇದೆ. ತೊಂದರೆ ಕುತ್ತಿಗೆಯ ಮೇಲೆ ಮಾತ್ರ, ಅಂದರೆ ಮೂಗು ಸೋರುವುದು, ಸೀನು, ಸಣ್ಣ ಗಂಟಲು ಕೆರೆತ ಇದ್ದರೆ ನಿಧಾನವಾಗಿ ನಡೆಯಬಹುದು. ಜ್ವರ, ಮೈಕೈ ನೋವು, ಎದೆ ಕೆಮ್ಮು, ಏದುಸಿರು ಇದ್ದರೆ ಪೂರ್ತಿ ವಿಶ್ರಾಂತಿ. ಜ್ವರ ಬಿಟ್ಟ ಮೇಲೂ ಒಂದೆರಡು ದಿನ ಬಿಟ್ಟು, ಅರ್ಧ ದೂರದಿಂದ ಶುರು ಮಾಡಿ, ವಾರ ಹತ್ತು ದಿನದಲ್ಲಿ ಮೊದಲಿನ ಲೆಕ್ಕಕ್ಕೆ ಬರಬೇಕು. ನಾನು ಮಾಡಿದ ತಪ್ಪು ಇದೇ. ಮೊದಲ ದಿನ ಮೈ ಬೆಚ್ಚಗಿದ್ದರೂ ದಾಖಲೆ ಮುರಿಯಬಾರದು ಅಂತ ನಡೆದು ಬಂದೆ, ಅಂದು ಸಂಜೆಗೇ ಹಾಸಿಗೆ ಹಿಡಿದೆ.

ನನಗಾದರೋ ವಿಶ್ರಾಂತಿ ತೆಗೆದುಕೊಂಡರೆ ಒಂದೆರಡು ಸುದ್ದಿ ತಪ್ಪುತ್ತದೆ, ಅಷ್ಟೇ. ದಿನಗೂಲಿಯವನಿಗೆ ಮೂರು ದಿನ ಮಲಗಿದರೆ ಮೂರು ದಿನದ ಅಕ್ಕಿ ಹೋಗುತ್ತದೆ. ಗಿರಣಿಯಲ್ಲಿ ಹೇಳದೆ ರಜೆ ಹಾಕಿದರೆ ಕೂಲಿಯ ಜೊತೆ ಹಾಜರಿ ಭತ್ಯೆಯೂ ಹೋಗುತ್ತದೆ ಅಂತ ಪರಿಚಯದ ಒಬ್ಬಾಕೆ ಹೇಳಿದರು. ಆಕೆ ಮಾತ್ರೆ ನುಂಗಿ ಜ್ವರ ಇಳಿಸಿಕೊಂಡು ಪಾಳಿಗೆ ಹೋದರು, ಅದೇ ವಾರ ಅದೇ ಸಾಲಿನ ಇನ್ನೂ ನಾಲ್ವರು ಮಲಗಿದರು. ಒಬ್ಬರಿಗೆ ಮೂರು ದಿನ ಸಂಬಳದ ರಜೆ ಕೊಟ್ಟಿದ್ದರೆ ನಾಲ್ವರ ಪಾಳಿ ಉಳಿಯುತ್ತಿತ್ತು. ಈ ಲೆಕ್ಕಕ್ಕೆ ವಿಜ್ಞಾನಿ ಬೇಕಿಲ್ಲ. ಜ್ವರಕ್ಕೆ ರಜೆ ಕೇಳುವುದು ಸೋಮಾರಿತನ ಅಂತ ನೋಡುವ ಮೇಸ್ತ್ರಿಗಳಿಗೆ ಇದನ್ನು ಯಾರಾದರೂ ಓದಿ ಹೇಳಬೇಕು.

ಸರಿ, ಎಷ್ಟು ನಡೆಯಬೇಕು? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ, ಮಧ್ಯಮ ಬಿರುಸಿನಲ್ಲಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅದೇ ಮಧ್ಯಮ ಬಿರುಸು. ಇದು ಕೂತು ಕೆಲಸ ಮಾಡುವವರಿಗೆ, ಅಂಗಡಿಯವರಿಗೆ, ಮೇಷ್ಟ್ರುಗಳಿಗೆ, ಟೀವಿ ಮುಂದಿನ ನಿವೃತ್ತರಿಗೆ, ನನ್ನಂಥವರಿಗೆ. ಮಗ್ಗದವರಿಗೂ ಸಂಜೆ ಒಂದು ಸುತ್ತು ಒಳ್ಳೆಯದು.

ಲಸಿಕೆಯ ಮಾತು ಎತ್ತದೆ ಮುಗಿಸಿದರೆ ತಪ್ಪಾಗುತ್ತದೆ. ನಿಲವೇಂಬು ಕಷಾಯಕ್ಕೆ ಸಾಲು ನಿಲ್ಲುವ ನಾವು ಫ್ಲೂ ಲಸಿಕೆ ಅಂದರೆ 'ಅದೆಲ್ಲ ಪೇಟೆಯವರಿಗೆ' ಅನ್ನುತ್ತೇವೆ. ಮಕ್ಕಳಿಗೆ ಸರ್ಕಾರ ಉಚಿತವಾಗಿ ಹಾಕುವ ಲಸಿಕೆಗಳ ಪಟ್ಟಿಯಲ್ಲಿ ಇದಿಲ್ಲ, ಹೆಚ್ಚಿನವರು ದುಡ್ಡು ಕೊಟ್ಟೇ ಹಾಕಿಸಿಕೊಳ್ಳಬೇಕು. ವೈರಸ್ಸು ವೇಷ ಬದಲಿಸುವುದರಿಂದ ವರ್ಷ ವರ್ಷ ಹಾಕಿಸಬೇಕು. ದುಬಾರಿ, ಒಪ್ಪುತ್ತೇನೆ. ಮನೆಯಲ್ಲಿ ಒಬ್ಬರಿಗೇ ಹಾಕಿಸಲು ಆಗುವುದಾದರೆ ಸಕ್ಕರೆ ಕಾಯಿಲೆಯ ಅಜ್ಜಿಗೋ, ಗರ್ಭಿಣಿಗೋ, ಎದೆ ಬಿಗಿತ ಇರುವ ಗಿರಣಿ ಕೆಲಸದವರಿಗೋ ಹಾಕಿಸಿ. ಯಾವುದಕ್ಕೂ ಡಾಕ್ಟರನ್ನು ಕೇಳಿ.

ವ್ಯಾಯಾಮ ನಿಜವಾಗಿ ಕೈಹಿಡಿಯುವ ಇನ್ನೊಂದು ಜಾಗ ಈ ಲಸಿಕೆ. ವಯಸ್ಸಾದವರ ಮೈ ಲಸಿಕೆಗೆ ಅರೆಮನಸ್ಸಿನಿಂದ ಪ್ರತಿಕ್ರಿಯಿಸುತ್ತದೆ. ಇಲಿನಾಯ್‌ನವರು ಕೂತೇ ಕಾಲ ಕಳೆಯುತ್ತಿದ್ದ 144 ಮಂದಿ ಹಿರಿಯರನ್ನು ಹತ್ತು ತಿಂಗಳು ಎರಡು ಗುಂಪಾಗಿ ಇಟ್ಟರು. ಒಂದಕ್ಕೆ ಬಿರುಸು ನಡಿಗೆಯಂಥ ವ್ಯಾಯಾಮ, ಇನ್ನೊಂದಕ್ಕೆ ಬರೀ ಮೈ ಬಾಗಿಸುವ ಅಭ್ಯಾಸ. ಲಸಿಕೆ ಹಾಕಿ 24 ವಾರದ ಮೇಲೆ ನೋಡಿದಾಗ ಮೊದಲ ಗುಂಪಿನ ಹೆಚ್ಚು ಜನರಲ್ಲಿ ರಕ್ಷಣೆ ಇನ್ನೂ ಉಳಿದಿತ್ತು. ನಿದ್ದೆಯದ್ದೂ ಇಲ್ಲಿ ಪಾಲಿದೆ. ರಾತ್ರಿಗೆ ನಾಲ್ಕೇ ಗಂಟೆ ಮಲಗಿಸಿದ ಯುವಕರಿಗೆ ಫ್ಲೂ ಲಸಿಕೆ ಹಾಕಿದಾಗ, ಹತ್ತು ದಿನದ ಮೇಲೆ ಅವರಲ್ಲಿ ಪ್ರತಿಕಾಯ ಚೆನ್ನಾಗಿ ಮಲಗಿದವರ ಅರ್ಧಕ್ಕೂ ಕಡಿಮೆ ಇತ್ತು. ಇದು 2002ರಲ್ಲಿ ಪ್ರಕಟವಾದ ಪ್ರಯೋಗ. ಲಸಿಕೆ ಹಾಕಿಸುವ ವಾರ ರಾತ್ರಿ ಪಾಳಿ ತಪ್ಪಿಸಿಕೊಳ್ಳಲು ಆದರೆ ಒಳ್ಳೆಯದು.

ಯಾವಾಗ ಹಾಕಿಸಬೇಕು? ಉತ್ತರದಲ್ಲಿ, ಮುಂಬಯಿ ಕಡೆ ಫ್ಲೂ ಮುಂಗಾರಿನ ಜೊತೆ ಏರುತ್ತದೆ. ತಮಿಳುನಾಡಿಗೆ ದೊಡ್ಡ ಮಳೆ ಈಶಾನ್ಯ ಮಾರುತದ್ದು. ಚೆನ್ನೈ, ವೆಲ್ಲೂರು ಕಡೆಯ ಲೆಕ್ಕದಲ್ಲಿ ಫ್ಲೂ ಹೆಚ್ಚುವುದೂ ಅಕ್ಟೋಬರಿನಿಂದ, ಐಪ್ಪಸಿ-ಕಾರ್ತಿಗೈ ಮಳೆಯ ಜೊತೆಗೇ. ಲಸಿಕೆ ಮೈಯಲ್ಲಿ ಕೆಲಸ ಶುರು ಮಾಡಲು ಸುಮಾರು ಎರಡು ವಾರ ಬೇಕು. ಹಾಗಾಗಿ ಪುರಟ್ಟಾಸಿ ತಿಂಗಳ ಮೊದಲಲ್ಲೇ ಹಾಕಿಸಿದರೆ ಸರಿಹೊಂದುತ್ತದೆ. ಜ್ವರ ಬಂದೇ ಬಿಟ್ಟರೆ, ಅಪಾಯದ ಗುಂಪಿನವರು ಎರಡು ದಿನದೊಳಗೆ ಆಸ್ಪತ್ರೆಗೆ ಹೋಗಬೇಕು. ಒಸೆಲ್ಟಾಮಿವಿರ್ ಎಂಬ ಔಷಧಿ ಮೊದಲ 48 ಗಂಟೆಯಲ್ಲಿ ಕೊಟ್ಟರೆ ಹೆಚ್ಚು ಕೆಲಸ ಮಾಡುತ್ತದೆ. ಉಸಿರಾಟ ಕಷ್ಟವಾದರೆ, ತುಟಿ ನೀಲಿಗಟ್ಟಿದರೆ, ಇಳಿದ ಜ್ವರ ಮತ್ತೆ ಏರಿದರೆ ಗಂಟೆಯನ್ನೂ ನೋಡಬೇಡಿ.

ಚಹಾ ಅಂಗಡಿಯವನಿಗೆ ಇಷ್ಟನ್ನೂ ಹೇಳಿದೆ. ಪೂರ್ತಿ ಕೇಳಿ, 'ಹಾಗಾದರೆ ನಡೆಯದೇ ಇದ್ದಿದ್ದರೆ ನಿಮಗೆ ಒಂಬತ್ತಲ್ಲ, ಹದಿನೈದು ದಿನ ಆಗ್ತಿತ್ತು ಅನ್ನಿ' ಅಂದ. ಇರಬಹುದು ಅಂದೆ. ಈ ವರ್ಷ ಪುರಟ್ಟಾಸಿಯಲ್ಲಿ ಇಬ್ಬರೂ ಲಸಿಕೆ ಹಾಕಿಸುವುದೆಂದು ಮಾತಾಗಿದೆ. ಅವನಿಗೆ ಸಕ್ಕರೆ ಇದೆ, ನನಗೆ ವಯಸ್ಸು ಇದೆ.